ಎಡಗೈಯ ಮೇಲೆ ಅನುಮಾನ

ತುಳಸಿಗೆ ಬಂದ ಇಮೇಲ್ ಚಿಕ್ಕದು. ಕಮ್ಯುನಿಟಿ ಕಾಲೇಜಿನ ಗಣಿತದ ಮೇಡಮ್, ಮಿಸ್ ಹಾರ್ಗ್ರೋವ್, ಬರೆದಿದ್ದರು. ಆಲ್ಜೀಬ್ರಾ ಟೆಸ್ಟ್ ನಡೆಯುವಾಗ ನೀವೂ ದಾಕ್ಷಾಯಣಿಯೂ ಕೈಸನ್ನೆ ಮಾಡಿಕೊಳ್ಳುತ್ತಿದ್ದಿರೆಂದು ಟೆಸ್ಟಿಂಗ್ ಸೆಂಟರಿನವರು ವರದಿ ಕೊಟ್ಟಿದ್ದಾರೆ, ಸೋಮವಾರ ಬಂದು ನನ್ನನ್ನು ನೋಡಿ, ಅಲ್ಲಿಯವರೆಗೆ ನಿಮ್ಮಿಬ್ಬರಲ್ಲಿ ಈ ಮಾತು ಬೇಡ.

ತುಳಸಿ ಒಲೆ ಆರಿಸಿ ಮತ್ತೊಮ್ಮೆ ಓದಿದಳು. ಕೈಸನ್ನೆ? ಯಾವ ಕೈಸನ್ನೆ?

ಮೈಸೂರಿನಲ್ಲಿ ಬಿ.ಎ. ಮಾಡಿ ಮದುವೆಯಾಗಿ, ಹ್ಯೂಸ್ಟನ್ನಿಗೆ ಮೂರು ಗಂಟೆ ದಾರಿಯ ಲಿಯಾಂಡರ್ ಎಂಬ ಊರಿಗೆ ಬಂದವಳು ಅವಳು. ಗಂಡನ ವೀಸಾಕ್ಕೆ ಅಂಟಿಕೊಂಡ ವೀಸಾ, ಹಾಗಾಗಿ ವರ್ಷಗಟ್ಟಲೆ ಕೆಲಸ ಮಾಡುವ ಹಾಗೇ ಇರಲಿಲ್ಲ. ೨೦೧೫ರಲ್ಲಿ ಅಂಥ ಹೆಂಗಸರಿಗೂ ಕೆಲಸದ ಪರ್ಮಿಟ್ ಕೊಡಲು ಶುರು ಮಾಡಿದ ಮೇಲೆ ಅವಳಿಗೊಂದು ಆಸೆ ಹುಟ್ಟಿತು: ಹಲ್ಲು ಶುಚಿ ಮಾಡುವ ಡೆಂಟಲ್ ಹೈಜಿನಿಸ್ಟ್ ಆಗಬೇಕು. ಆ ಕೋರ್ಸಿಗೆ ಸೀಟು ಬೇಕೆಂದರೆ ಮೊದಲು ಕಾಲೇಜ್ ಆಲ್ಜೀಬ್ರಾದಲ್ಲಿ ಕನಿಷ್ಠ ‘ಬಿ’ ಬರಬೇಕು. "ಊರವರ ಹಲ್ಲು ಎಣಿಸೋಕೆ ಆಲ್ಜೀಬ್ರಾ ಯಾಕೆ ಬೇಕೋ!" ಎಂದು ಗಂಡ ಸುಧೀಂದ್ರ ನಗುತ್ತಿದ್ದ. ನಕ್ಕರೂ ಕ್ಲಾಸ್ ಇದ್ದ ಸಂಜೆಗಳಲ್ಲಿ ಅನ್ನಕ್ಕೆ ಅವನೇ ಇಡುತ್ತಿದ್ದ, ಅನ್ನಿ.

ಅದೇ ಕ್ಲಾಸಿನಲ್ಲಿ ಸಿಕ್ಕವಳು ಗದಗಿನ ದಾಕ್ಷಾಯಣಿ. ಪಕ್ಕದ ಬೀದಿಯವಳೇ. ಒಂದೇ ಕಾರಿನಲ್ಲಿ ಹೋಗಿ ಒಂದೇ ಕಾರಿನಲ್ಲಿ ಬರುವುದು, ದಾಕ್ಷಾಯಣಿಯ ಊಟದ ಮೇಜಿನ ಮೇಲೆ ಶೇಂಗಾ ಚಟ್ನಿ ಪುಡಿಯ ಡಬ್ಬಿ ಪಕ್ಕಕ್ಕೆ ಸರಿಸಿ ಲೆಕ್ಕ ಬಿಡಿಸುವುದು, ಎಲ್ಲ ಜೊತೆಯಲ್ಲೇ.

ಸಂಜೆ ಬಂದ ಸುಧೀಂದ್ರ ಇಮೇಲ್ ಓದಿದ. ನಗಲಿಲ್ಲ.

"ನಿಜ ಹೇಳು, ಏನು ಮಾಡಿದ್ರಿ ಇಬ್ಬರೂ?"

"ಏನ್ರೀ ಹೀಗೆ ಕೇಳ್ತೀರಾ? ತಲೆ ಬಗ್ಗಿಸಿ ಬರೆದೆ, ಎದ್ದು ಬಂದೆ."

"ನೀನು ಮಾಡಿಲ್ಲ ಸರಿ. ದಾಕ್ಷಾಯಣಿ ಮಾಡಿದ್ರೆ? ನಿನ್ನ ಹಿಂದೆಯೋ ಮುಂದೆಯೋ ಯಾರಿಗಾದ್ರೂ ಸನ್ನೆ ಮಾಡಿದ್ರೆ?"

ಆ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ಹೌದಲ್ಲ, ಕ್ಯಾಲ್ಕುಲೇಟರ್ ಬಿಡದ ಆ ಟೆಸ್ಟಿಗೆ ಹೆದರಿಕೊಂಡಿದ್ದ ದಾಕ್ಷಾಯಣಿ ಹೊರಗೆ ಬರುವಾಗ ಎಷ್ಟು ಆರಾಮಾಗಿದ್ದಳು! ಮರ್ಫಿ ಎಂಬ ಊರಿನಲ್ಲಿರುವ ಭಾವ ಜಯತೀರ್ಥ ಫೋನಿನಲ್ಲಿ ಇನ್ನೊಂದಿಷ್ಟು ಸೇರಿಸಿದರು. "ಕಾಪಿ ಹೊಡೆದದ್ದು ಅಂತ ಕಾಲೇಜಿನಲ್ಲಿ ಬರೆದಿಟ್ಟುಬಿಟ್ರೆ ಆ ಸೀಟು ಮರೆತುಬಿಡಮ್ಮ. ಆಕೆ ಯಾರೋ ನನಗೆ ಅಷ್ಟು ಪರಿಚಯ ಇಲ್ಲ ಅಂತ ಹೇಳಿ ಬಾ." ವಾರಕ್ಕೆರಡು ಸಲ ಅವಳ ಮನೆಯ ಚಹಾ ಕುಡಿದು ಪರಿಚಯ ಇಲ್ಲ ಅನ್ನುವುದು ಹೇಗೆ?

ಭಾನುವಾರ ಎರಡೂ ಮನೆಯವರು ಒಂದೇ ವ್ಯಾನಿನಲ್ಲಿ ಹ್ಯೂಸ್ಟನ್ ಕಡೆಗೆ, ಪೇರ್ಲ್ಯಾಂಡಿನ ಮೀನಾಕ್ಷಿ ಗುಡಿಗೆ, ಹೋಗುವುದೆಂದು ಮಾತಾಗಿತ್ತು. ತಲೆನೋವು ಎಂದು ಮೆಸೇಜ್ ಹಾಕೋಣವೆಂದು ತುಳಸಿ ಫೋನ್ ಎತ್ತಿಕೊಂಡರೆ ದಾಕ್ಷಾಯಣಿಯದೇ ಮೆಸೇಜ್ ಬಂದು ಕೂತಿತ್ತು: "ತಲಿ ಭಾಳ ನೋಯಾಕತ್ತೈತ್ರಿ. ನೀವು ಹೋಗಿ ಬರ್ರಿ."

"ನೋಡಿದ್ಯಾ?" ಅಂದ ಸುಧೀಂದ್ರ. "ತಪ್ಪು ಮಾಡಿದವರೇ ಹೀಗೆ ತಪ್ಪಿಸಿಕೊಳ್ಳೋದು."

"ಹಾಗಾದ್ರೆ ನಾನೂ ತಪ್ಪು ಮಾಡಿದವಳೇ. ನಾನೂ ಅದನ್ನೇ ಬರೀತಿದ್ದೆ."

ಸುಧೀಂದ್ರ ಟಿ.ವಿ. ಹಾಕಿಕೊಂಡ.

ಗುಡಿಗೆ ಹೋಗದೆ ಉಳಿದ ಆ ಮಧ್ಯಾಹ್ನ ತುಳಸಿ ಸೋಫಾದಲ್ಲಿ ಕೂತು ಹಳೆಯ ಪಾಠದ ಲೆಕ್ಕವೊಂದನ್ನು ಬಿಡಿಸುತ್ತಿದ್ದಳು. ಮಗಳು ನಿಹಾರಿಕಾ ಎದುರು ಬಂದು ನಿಂತು ನೋಡಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ಮಾತ್ರ ಇಂಗ್ಲಿಷು.

"ಅಮ್ಮಾ, ಹೂ ಆರ್ ಯು ಟೆಕ್ಸ್ಟಿಂಗ್?"

"ಫೋನೇ ಇಲ್ವಲ್ಲೇ ಕೈಯಲ್ಲಿ!"

"ಯುವರ್ ಥಂಬ್. ಇಟ್ ಲುಕ್ಸ್ ಸೋ ವಿಯರ್ಡ್."

ತುಳಸಿ ತನ್ನ ಎಡಗೈಯನ್ನು ನೋಡಿಕೊಂಡಳು. ಹೆಬ್ಬೆರಳು ತೋರುಬೆರಳಿನ ನಡುಗೆರೆಯ ಮೇಲೆ ಹಾಗೇ ನಿಂತಿತ್ತು. ಬಲಗೈ ಬರೆಯುವಾಗ ಎಡಗೈ ಎಣಿಸುತ್ತದೆ. ಒಂದೊಂದು ಬೆರಳಿಗೆ ಮೂರು ಗೆರೆ, ನಾಲ್ಕು ಬೆರಳಿಗೆ ಹನ್ನೆರಡು, ಮುಗಿದರೆ ಮತ್ತೆ ಮೊದಲಿಂದ. ಹದಿನೇಳರ ಮಗ್ಗಿ ಮರೆತರೆ ಗೆರೆಗೊಂದು ಹದಿನೇಳು ಸೇರಿಸುತ್ತ ಹೋದರಾಯಿತು. ಅಜ್ಜಿ ಜಪ ಎಣಿಸಿದ್ದು, ಅಮ್ಮ ಹಾಲಿನವನ ಲೆಕ್ಕ ಹಾಕಿದ್ದು, ಎಲ್ಲ ಹೀಗೆಯೇ. ಉಸಿರಾಟವನ್ನು ಯಾರಾದರೂ ಗಮನಿಸುತ್ತಾರೆಯೇ?

ಅಂದರೆ ದಾಕ್ಷಾಯಣಿಯದೂ ಇದೇ! ಥಟ್ಟನೆ ಫೋನ್ ಎತ್ತಿದವಳು ಹಾಗೇ ಕೆಳಗಿಟ್ಟಳು. ಮಾತಾಡಬೇಡಿ ಅಂದಿದ್ದಾರೆ. ಮಾತಾಡಿ ಸಿಕ್ಕಿಬಿದ್ದರೆ ಇಬ್ಬರೂ ಕೂತು ಕತೆ ಕಟ್ಟಿದರು ಅನ್ನುತ್ತಾರೆ.

ಸೋಮವಾರ ಮಿಸ್ ಹಾರ್ಗ್ರೋವ್ ಕಂಪ್ಯೂಟರನ್ನು ಅವಳತ್ತ ತಿರುಗಿಸಿದರು. ಬಿಳಿಗೂದಲಿನ, ದನಿ ಎತ್ತದ ಹೆಂಗಸು. ಅದೇ ಹೆಚ್ಚು ಭಯ. ಕ್ಯಾಮರಾದ ಚಿತ್ರಕ್ಕೆ ಸದ್ದಿರಲಿಲ್ಲ. ಪಕ್ಕಪಕ್ಕದ ಸಾಲಿನಲ್ಲಿ ಇಬ್ಬರು ಹೆಂಗಸರು. ಇಬ್ಬರ ಎಡಗೈಯೂ ಮೇಜಿನ ಮೇಲೆ ಅಂಗಾತ, ಇಬ್ಬರ ಹೆಬ್ಬೆರಳೂ ಓಡುತ್ತಿದೆ, ಇಬ್ಬರ ತುಟಿಯೂ ಪಿಟಿಪಿಟಿ ಅನ್ನುತ್ತಿದೆ. ತನ್ನದೇ ಕೈಯಾದರೂ ತುಳಸಿಗೆ ಅದು ಕಳ್ಳರ ಕೈಯಂತೆಯೇ ಕಂಡಿತು.

"ಇದು ಎಣಿಕೆ, ಮೇಡಮ್," ಅಂದಳು. ತನಗೆ ಬಂದ ಇಂಗ್ಲಿಷಿನಲ್ಲಿ ಗೆರೆಗಳ ವಿಷಯ ಹೇಳಿದಳು, ಕೈ ಚಾಚಿ ತೋರಿಸಿದಳು.

ಮಿಸ್ ಹಾರ್ಗ್ರೋವ್ ತಮ್ಮ ಬೆರಳನ್ನೇ ಹತ್ತಿರ ಹಿಡಿದು ನೋಡಿಕೊಂಡರು. ಹೆಬ್ಬೆರಳನ್ನು ಕಿರುಬೆರಳಿನ ಬುಡಕ್ಕೆ ಮುಟ್ಟಿಸಲು ಹೋಗಿ "ಔಚ್" ಅಂದರು. ಒಂದು ಕ್ಷಣ ನಕ್ಕಂತಾಯಿತು. ಆಮೇಲೆ ಮತ್ತೆ ಅದೇ ತಣ್ಣನೆಯ ದನಿ.

"ಇದರಿಂದ ಎಣಿಸಬಹುದು, ಒಪ್ಪಿದೆ. ಆದರೆ ಇದರಿಂದಲೇ ಸನ್ನೆಯನ್ನೂ ಮಾಡಬಹುದಲ್ಲ?"

ಮೇಡಮ್ ಚಿತ್ರವನ್ನು ಮುಂದಕ್ಕೆ ಓಡಿಸಿ ನಿಲ್ಲಿಸಿದರು. ದಾಕ್ಷಾಯಣಿಯ ಕತ್ತು ತಿರುಗಿದೆ. ತುಳಸಿಯ ಕಡೆಗೆ. ಸ್ಪಷ್ಟವಾಗಿ.

"ಆಕೆ ನಿಮ್ಮನ್ನು ನೋಡುತ್ತಿದ್ದಳೆ?"

ಭಾವನ ಮಾತು ನೆನಪಾಯಿತು. ಒಂದೇ ಒಂದು ವಾಕ್ಯ ಸಾಕು: ಆಕೆ ನೋಡಿದ್ದು ನನಗೆ ಗೊತ್ತೇ ಇಲ್ಲ. ಅದು ಸುಳ್ಳೂ ಅಲ್ಲ. ತಾನು ಪಾರು, ಸೀಟು ಪಾರು. ಆಮೇಲೆ ಯಾರ ತಲೆ ಹೋಗುತ್ತದೆಂದು ಹೇಳಬೇಕಾಗಿಲ್ಲ.

"ಅವರನ್ನೇ ಕೇಳಿ," ಅಂದಳು ತುಳಸಿ. ಹೇಳಿದ ಮೇಲೆ, ಇದು ಕಾಪಾಡುವ ಮಾತೋ ಕೈಬಿಡುವ ಮಾತೋ ಅವಳಿಗೇ ತಿಳಿಯಲಿಲ್ಲ.

ಬುಧವಾರ ಹೊಸ ಪ್ರಶ್ನೆಪತ್ರಿಕೆ, ಒಬ್ಬೊಬ್ಬರಾಗಿ, ನನ್ನ ಎದುರಿಗೇ; ಅದರಲ್ಲಿ ಬಂದದ್ದೇ ಗ್ರೇಡು ಎಂದರು ಮೇಡಮ್.

ಹೊರಗಿನ ಬೆಂಚಿನಲ್ಲಿ ತನ್ನ ಸರದಿಗೆ ಕಾಯುತ್ತ ದಾಕ್ಷಾಯಣಿ ಕೂತಿದ್ದಳು. ಬೆರಳು, ಗೆರೆ, ಅಷ್ಟೇ ಕಣ್ರೀ, ಎಂದು ತೋರಿಸಲು ತುಳಸಿಯ ಕೈ ತಾನಾಗಿ ಮೇಲೆದ್ದಿತು. ಬಾಗಿಲು ಇನ್ನೂ ತೆರೆದಿತ್ತು. ಒಳಗಿಂದ ಮೇಡಮ್ ನೋಡುತ್ತಿದ್ದರು. ತುಳಸಿ ಎಡಗೈಯನ್ನು ಸರಕ್ಕನೆ ಬ್ಯಾಗಿನೊಳಗೆ ತುರುಕಿ, ಮುಖ ತಿರುಗಿಸಿ ನಡೆದುಬಿಟ್ಟಳು. ದಾಕ್ಷಾಯಣಿಯ ಕಣ್ಣು ಬೆನ್ನಿಗೆ ನಾಟಿದ ಹಾಗಿತ್ತು.

ಬುಧವಾರ ಮೇಡಮ್ ತುಳಸಿಯ ಎದುರಿಗೇ ಕೂತರು. ಎಣಿಸಿಕೊಳ್ಳಿ, ಪರವಾಗಿಲ್ಲ ಎಂದರು. ಎಣಿಸಿಕೊಳ್ಳಿ ಅಂದಮೇಲೆ ಆಗುತ್ತದೆಯೇ? ಹೆಬ್ಬೆರಳು ಒಂದು ಗೆರೆ ಇಟ್ಟ ಕೂಡಲೇ ಮೇಡಮ್ಮಿನ ಕಣ್ಣು ಅಲ್ಲಿಗೆ ಬರುತ್ತಿತ್ತು, ಹೆಬ್ಬೆರಳು ನಾಚಿ ನಿಲ್ಲುತ್ತಿತ್ತು. ಕೊನೆಗೆ ತುಳಸಿ ಕಾಗದದ ಅಂಚಿನಲ್ಲಿ ಮಗ್ಗಿಯನ್ನೇ ಸಾಲಾಗಿ ಬರೆದುಕೊಂಡು, ಬೆವರೊರೆಸಿಕೊಂಡು, ಕೊಟ್ಟು ಬಂದಳು. ಸಂಜೆಗೆ ಗ್ರೇಡು ಬಂತು: ಬಿ. ಅಂಚಿನಲ್ಲಿ ನೇತಾಡುವ ಬಿ, ಆದರೂ ಬಿ. ದೂರು ಮುಚ್ಚಿದೆ ಎಂದೂ ಮೇಡಮ್ ಬರೆದಿದ್ದರು. ಇಬ್ಬರಿಗೂ.

ಮುಂದಿನ ಕ್ಲಾಸಿನ ದಿನ ಮನೆಯೆದುರು ಹಾರ್ನ್ ಆಯಿತು. ದಾಕ್ಷಾಯಣಿಯ ಕಾರು. ತುಳಸಿ ಹೋಗಿ ಬಾಗಿಲು ತೆಗೆದಳು, ಕೂರಲಿಲ್ಲ.

"ಒಳಗ ಏನ್ ಹೇಳಿದ್ರಿ ನನ್ ಬಗ್ಗೆ?" ದಾಕ್ಷಾಯಣಿ ಸ್ಟೀರಿಂಗ್ ಬಿಡದೆ ಕೇಳಿದಳು. "ಕೈ ಮುಚ್ಕೊಂಡು ಕಳ್ಳರಂಗ ಹೋದ್ರಲ್ಲ."

"ಅವರನ್ನೇ ಕೇಳಿ ಅಂದೆ."

"ಅಂದ್ರ, ಇಲ್ಲ ಅನ್ಲಿಲ್ಲ ನೀವು."

"ಹೌದು ಅಂತಲೂ ಅನ್ಲಿಲ್ಲ. ನೀವು ತಿರುಗಿ ನೋಡಿದ್ದು ನಾನೇ ಕಣ್ಣಾರೆ ನೋಡಿದೆ ಚಿತ್ರದಲ್ಲಿ. ಈಗ ಹೇಳಿ, ನೋಡಿದ್ರಾ ಇಲ್ವಾ?"

ದಾಕ್ಷಾಯಣಿ ಸ್ಟೀರಿಂಗಿನಿಂದ ಎಡಗೈ ತೆಗೆದು ಬೆರಳು ಬಿಡಿಸಿದಳು.

"ನೋಡೀನ್ರಿ. ನಂದು ಇನ್ನೂ ಎರಡನೇ ಬೆರಳಿನಾಗ ಐತಿ, ನಿಮ್ಮ ಹೆಬ್ಬೆರಳು ಗಾಳಿಗತೆ ಓಡಾಕತ್ತಿತ್ತು. ಹೊಟ್ಟಿ ಉರೀತು. ನೋಡಿದೆ."

"ಬೆರಳು ನೋಡಿದ್ರೆ..." ತುಳಸಿಯ ಮಾತು ಅಲ್ಲೇ ನಿಂತಿತು. ಮೇಡಮ್ಮಿಗೆ ಅದು ಬರೀ ಬೆರಳು. ಆದರೆ ಗೆರೆ ಎಣಿಸಿ ಬೆಳೆದವಳಿಗೆ? ಎಷ್ಟನೇ ಗೆರೆಗೆ ನಿಂತಿತೆಂದು ಕಂಡರೆ ಉತ್ತರವನ್ನೇ ಓದಿದ ಹಾಗೆ. "ಬೆರಳು ನೋಡಿದ್ರೆ ಲೆಕ್ಕ ಗೊತ್ತಾಗಿಬಿಡುತ್ತಲ್ರೀ ನಿಮಗೆ!"

"ಗೊತ್ತಾಗ್ತೈತಿ," ಅಂದಳು ದಾಕ್ಷಾಯಣಿ ನಿರಾಳವಾಗಿ. "ಗೊತ್ತಾದ ಕೂಡ್ಲೇ ಕತ್ತು ಈ ಕಡೆ ತಿರುಗಿಸಿದೆ. ನೀವು ಉಂಗುರದ ಬೆರಳಿನಾಗ ಒಂದು ಗೆರಿ ಹಾರಿಸಿಬಿಟ್ರಿ. ಅವಸರ ನಿಮಗ. ನಿಮ್ಮ ಉತ್ತರ ಯಾರಿಗೆ ಬೇಕಿತ್ರಿ?"

ಮೇಡಮ್ ಹಿಂತಿರುಗಿಸಿದ್ದ ಆ ಮೊದಲ ಟೆಸ್ಟಿನಲ್ಲಿ ಕೆಂಪು ಗೀಟು ಬಿದ್ದ ಲೆಕ್ಕ ತುಳಸಿಯ ಕಣ್ಣಮುಂದೆ ಬಂತು. ಇನ್ನೂರ ಇಪ್ಪತ್ತೊಂದನ್ನು ಹದಿನೇಳರಿಂದ ಭಾಗಿಸಬೇಕಿತ್ತು. ಹಾರಿಸಿದ ಗೆರೆಯೂ ಎಣಿಕೆಗೆ ಸೇರಿ, ಹದಿಮೂರು ಬರಬೇಕಾದಲ್ಲಿ ಹದಿನಾಲ್ಕು ಬರೆದಿದ್ದಳು. ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು.

"ಇದನ್ನೆಲ್ಲ ಮೇಡಮ್‌ಗೆ ಹೇಳಿದ್ರಾ?"

"ನನಗೇನ್ ಹುಚ್ಚೇನ್ರಿ? ಗಡಿಯಾರ ನೋಡಿದೆ ಅಂದೆ."

"ಆ ಕಡೆ ಗಡಿಯಾರವೇ ಇಲ್ವಲ್ಲ!"

"ಅದನ್ನ ಅವರು ಇನ್ನೂ ನೋಡಿಲ್ಲ. ಹತ್ರಿ, ಬಾಗಿಲಾ ಹಾಕ್ರಿ. ಎಸಿ ಎಲ್ಲಾ ಹೊರಗ ಹೊಂಟೈತಿ."