ನರಿಯ ಹೆಸರಿನ ಚೀಟಿ

ಆ ವಿಗ್ಗಿನ ಕಾರ್ಖಾನೆಯಲ್ಲಿ ತಕ್ಕಡಿ ಹೇಳಿದ್ದೇ ಮಾತು. ಬೆಳಿಗ್ಗೆ ಪ್ರತಿಯೊಬ್ಬಳಿಗೂ ಕೂದಲಿನ ಕಟ್ಟು ತೂಗಿ ಕೊಡುತ್ತಿದ್ದರು. ಸಂಜೆ ಅವಳು ಹೆಣೆದದ್ದನ್ನು, ಉಳಿದದ್ದನ್ನು, ಮೇಜಿನ ಕೆಳಗಿನ ಕಸವನ್ನು ಸೇರಿಸಿ ಮತ್ತೆ ತೂಗುತ್ತಿದ್ದರು. ಎರಡೂ ಸರಿಹೋಗಬೇಕು. ತೂಗುವವಳು ಯಜಮಾನಿಯ ತಂಗಿ. ಕಡಿಮೆ ಬಂದದ್ದನ್ನು ಅವಳು ಎಷ್ಟೋ ಸಲ ಕಂಡಿದ್ದಳು. ಹೆಚ್ಚು ಬಂದದ್ದು ಇದೇ ಮೊದಲು.

ಕಿಟಕಿ ಪಕ್ಕದ ಹೆಣಿಗೆಯವಳ ಮೇಜಿನಿಂದ ಮೂರು ದಿನ ಬಿಡದೆ ಎರಡೆರಡು ಗ್ರಾಂ ಹೆಚ್ಚು.

ತಂಗಿ ಆ ಕಸವನ್ನು ಬಿಳಿ ಕಾಗದದ ಮೇಲೆ ಹರಡಿದಳು. ಅವರು ಕೊಟ್ಟದ್ದು ಕತ್ತರಿಸಿದ ಕೂದಲು. ಅದಕ್ಕೆ ಬುಡ ಇರುವುದಿಲ್ಲ. ಇಲ್ಲಿ ಎಷ್ಟೋ ಎಳೆಗಳ ತುದಿಯಲ್ಲಿ ಸಣ್ಣ ಬಿಳಿ ಚುಕ್ಕೆ. ಉದುರಿದ ಕೂದಲು, ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಮಾಲು.

"ಹೊರಗಿಂದ ತಂದು ಅಂದಾಜು ತಪ್ಪಿ ಜಾಸ್ತಿ ಬೆರೆಸಿ, ನಮ್ಮ ಒಳ್ಳೇದನ್ನ ಸಾಗಿಸ್ತಿದಾಳೆ," ಅಂದಳು ಅಕ್ಕ. "ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ್ರೆ ಊರಿಗೆ ಕಾಣಲ್ವಾ? ಶನಿವಾರಕ್ಕೆ ಅವಳ ಕೆಲಸ ಮುಗೀತು."

ಮರುದಿನ ತಂಗಿ ಕಿಟಕಿಯ ಹತ್ತಿರವೇ ಸುಳಿದಾಡಿದಳು. "ನಿನ್ನ ಮೇಜಿನ ಕೆಳಗೆ ಕೂದಲು ಜಾಸ್ತಿ ಬೀಳ್ತಿದೆಯಲ್ಲೇ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವಳು ತಲೆಗೆ ಬಿಗಿದ ಬಟ್ಟೆ ಮುಟ್ಟಿ ನೋಡಿಕೊಂಡಳು. ತಿಂಗಳಿಂದ ಆ ಬಟ್ಟೆ ಬಿಚ್ಚಿದ್ದೇ ಇಲ್ಲ. ಮಾಲು ಅದರೊಳಗೇ ಹೋಗುತ್ತಿದೆ ಎಂದುಕೊಂಡಳು ತಂಗಿ.

ಊಟದ ಹೊತ್ತಿನಲ್ಲಿ ಅವಳ ಚೀಲ ತಡಕಿದಳು. ಕೂದಲಿರಲಿಲ್ಲ. ಒಂದು ಚೀಟಿಯಿತ್ತು: 'ಅಲೋಪೇಷಿಯಾ', ಕೆಳಗೆ ಯಾವುದೋ ಮುಲಾಮಿನ ಹೆಸರು. ಕದ್ದ ಕೂದಲಿಗೆ ಹಚ್ಚುವ ಮದ್ದಿರಬೇಕು ಅನ್ನಿಸಿತು. ಚೀಟಿ ಹಿಡಿದು ಎದುರಿನ ಔಷಧಿ ಅಂಗಡಿಗೆ ಓಡಿದಳು.

"ಇದು ಗ್ರೀಕರಿಂದ ಬಂದ ಪದ ಕಣಮ್ಮ," ಅಂದ ಅಂಗಡಿಯ ಮುದುಕ. "ಅವರ ಮಾತಲ್ಲಿ ಅಲೋಪೆಕ್ಸ್ ಅಂದ್ರೆ ನರಿ."

"ನರಿ ಬುದ್ಧೀನೇ ಸರಿ ತಾತ."

"ಬುದ್ಧಿ ಅಲ್ಲ, ತೊಗಲು. ಕಜ್ಜಿ ಹತ್ತಿದ ನರಿಗೆ ಅಲ್ಲಲ್ಲಿ ಕೂದಲು ಉದುರಿಹೋಗುತ್ತೆ. ಆ ಕಾಯಿಲೆ ಹೆಸರು ಮನುಷ್ಯರ ತಲೆಗೂ ಬಂತು. ಈಗ ಕೂದಲು ಉದುರೋದಕ್ಕೆಲ್ಲ ಡಾಕ್ಟರು ಇದನ್ನೇ ಬರೀತಾರೆ. ನಮಗೆ ಬಂದದ್ದು ಹೆಸರು ಮಾತ್ರ, ಕಜ್ಜಿ ಅಲ್ಲ."

ತಂಗಿ ಮರಳಿದಾಗ ಹೆಣಿಗೆಯವಳು ಮೇಜಿನ ಕೆಳಗೆ ಮಂಡಿಯೂರಿ ಒಂದೊಂದೇ ಎಳೆ ಹೆಕ್ಕುತ್ತಿದ್ದಳು. ಬಗ್ಗಿದಂತೆ ಬಟ್ಟೆಯ ಅಂಚಿನಿಂದ ಇನ್ನೂ ಎರಡು ಎಳೆ ಜಾರಿ ಬಿದ್ದವು. ಚೀಟಿ ಕಂಡು ಅವಳ ಮುಖ ಬಿಳಿಚಿಕೊಂಡಿತು.

"ಬೋಳುತಲೆಯವಳು ಹೆಣೆದ ವಿಗ್ಗು ಯಾರಿಗೆ ಬೇಕು ಅಂತಾರೆ ಅಂತ ಹೇಳ್ಲಿಲ್ಲ ಅಮ್ಮಾ."

ತಂಗಿ ಚೀಟಿಯನ್ನು ಅವಳ ಕೈಗೇ ಕೊಟ್ಟಳು. ಸಂಜೆ ಕಸದಿಂದ ಬಿಳಿ ಚುಕ್ಕೆಯ ಎಳೆಗಳನ್ನೆಲ್ಲ ಚಿಮಟದಲ್ಲಿ ಆರಿಸಿ ಬೇರೆಯಿಟ್ಟು, ಉಳಿದದ್ದನ್ನು ಅಕ್ಕನ ಎದುರೇ ತೂಗಿದಳು. ಬೆಳಿಗ್ಗೆ ಕೊಟ್ಟಷ್ಟೇ ಬಂತು.

"ಮತ್ತೆ ಇದು ಯಾರದ್ದು?" ಅಕ್ಕ ಬೇರೆಯಿಟ್ಟ ಗುಡ್ಡೆ ತೋರಿಸಿದಳು.

"ಅವಳದ್ದೇ. ತಲೆಯಿಂದ ಉದುರಿದ್ದು."

"ನಂಬೋದು ಹೇಗೆ? ಬಟ್ಟೆ ಬಿಚ್ಚು ಅನ್ನು."

"ನಮ್ಮ ಮಾಲು ಸರಿಯಾಗಿ ಬಂದಿದೆಯಲ್ಲ. ಅವಳ ತಲೆ ತೂಗೋದು ನಮ್ಮ ಕೆಲಸ ಅಲ್ಲ."

ಅಕ್ಕ ಮತ್ತೆ ಬಗ್ಗಿ ಮುಳ್ಳು ನೋಡಿದಳು. ತಕ್ಕಡಿಯ ತಳಕ್ಕೆ ಏನಾದರೂ ಅಂಟಿಸಿದ್ದಾರೋ ಎಂದು ಬೆರಳಾಡಿಸಿದಳು. ಏನೂ ಸಿಗಲಿಲ್ಲ.

"ಸೋಮವಾರವೂ ಬರ್ಲಿ," ಅಂದಳು. "ನೋಡೋಣ."