ಹಣೆಗೂದಲಿನ ಮಧ್ಯಂತರ ಅರ್ಜಿ

ಏಳು ಸಮುದ್ರದಾಚೆ ಬೇಡ, ಏಳು ಮೇಜುಗಳಾಚೆ ಒಬ್ಬ ನ್ಯಾಯಾಧೀಶರಿದ್ದರು. ಕಾಗದವೊಂದು ಅವರನ್ನು ಮುಟ್ಟಬೇಕಾದರೆ ಪ್ರತಿ ಮೇಜಿನ ಮೇಲೂ ಒಂದೊಂದು ನಿದ್ದೆ ತೆಗೆದು ಏಳಬೇಕಿತ್ತು. ಆ ಕಾಲದಲ್ಲಿ, ಅಂದರೆ ಹೋದ ವರ್ಷ, ಒಬ್ಬ ಕ್ಷೌರಿಕನೂ ಅವನಿಗೊಬ್ಬಳು ಆರು ವರ್ಷದ ಮಗಳೂ ಇದ್ದರು.

ಮಗುವಿನ ತಾಯಿ ತೀರಿಕೊಂಡಿದ್ದಳು. ಅಪ್ಪ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದಾಗ ದೊಡ್ಡಮ್ಮ ಬಂದು ಮಗುವನ್ನು ಕರೆದೊಯ್ದಳು. ಕಾಲು ಕೂಡಿತು, ಮಗು ಮರಳಲಿಲ್ಲ. ದೊಡ್ಡಮ್ಮ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ತಂಗಿಯ ಮಗಳು ಕತ್ತರಿ, ಬ್ಲೇಡುಗಳ ನಡುವೆ ಬೆಳೆಯಬಾರದೆಂದು ಕೇಸು ಹಾಕಿದಳು. ತೀರ್ಪಿನ ತನಕ ಮಗು ಆಕೆಯ ಬಳಿ ಇರಲಿ, ಅಪ್ಪ ಶನಿವಾರಕ್ಕೊಂದು ಗಂಟೆ ಕೋರ್ಟಿನ ಭೇಟಿ ಕೋಣೆಯಲ್ಲಿ ನೋಡಲಿ, ಎಲ್ಲವೂ ಈಗ ಇರುವಂತೆಯೇ ಇರಲಿ ಎಂದು ಮಧ್ಯಂತರ ಆದೇಶವಾಯಿತು. ರಾಕ್ಷಸನ ಪ್ರಾಣ ಗಿಳಿಯಲ್ಲಿರುತ್ತದಂತೆ. ಈ ಮಗುವಿನದು ಕಡತದಲ್ಲಿತ್ತು.

ಮೊದಲ ಶನಿವಾರವೇ ಮಗಳು ದೂರಿದಳು. "ಅಪ್ಪಾ, ಕೂದಲು ಕಣ್ಣಿಗೆ ಚುಚ್ಚತ್ತೆ."

"ಮುಂದಿನ ವಾರ ನಾನೇ ಕತ್ತರಿಸ್ತೀನಿ ಪುಟ್ಟಿ. ಬೇರೆ ಯಾರ ಕೈಗೂ ತಲೆ ಕೊಡ್ಬೇಡ."

ಮುಂದಿನ ವಾರ ಗೇಟಿನ ಕಾವಲುಗಾರ ಕತ್ತರಿ ಕಿತ್ತಿಟ್ಟುಕೊಂಡ. "ಆಯುಧ ಒಳಗೆ ಬಿಡಲ್ಲ."

"ಇದು ನನ್ನ ಹೊಟ್ಟೆಪಾಡು ಅಣ್ಣ."

"ಕಳ್ಳನೂ ಅದನ್ನೇ ಹೇಳ್ತಾನೆ."

ಹಾಗಾಗಿ ಅರ್ಜಿ ಬಿತ್ತು. ಮಗುವಿನ ಹಣೆಗೂದಲು ಎರಡು ಬೆರಳಷ್ಟು ಕತ್ತರಿಸಲು ಅನುಮತಿ ಕೋರಿ ನಾಲ್ಕು ಪುಟ. ದೊಡ್ಡಮ್ಮನ ವಕೀಲರು ಒಂಬತ್ತು ಪುಟದ ಆಕ್ಷೇಪಣೆ ಹಾಕಿದರು. ಆಕೆಗೂ ಎಚ್ಚರಿಕೆ ಕೊಟ್ಟರು: "ಮೇಡಂ, ನೀವೂ ಮುಟ್ಬೇಡಿ. ಇದ್ದ ಹಾಗೇ ಇರ್ಬೇಕು ಅಂತ ಆದೇಶ ಇದೆ."

ಅತ್ತ ಅಪ್ಪನ ವಕೀಲರು ತುಟಿ ಸವರಿಕೊಂಡರು. "ಆಕೆ ಒಂದು ಕೂದಲು ಕತ್ತರಿಸ್ಲಿ, ಕೇಸು ನಮ್ದೇ." ದೊಡ್ಡಮ್ಮ ತಡೆಯಲಾರದೆ ಒಂದು ಹೇರ್‌ಪಿನ್ನು ಸಿಕ್ಕಿಸಿದಾಗ ಅದಕ್ಕೂ ತಕರಾರು ಹೂಡಿದರು. ಪಿನ್ನು ಸಾಕ್ಷ್ಯವಾಗಿ ಲಕೋಟೆ ಸೇರಿತು.

ಇಬ್ಬರು ವಕೀಲರೂ ವಾದಿಸುತ್ತಿದ್ದದ್ದು ಮಗುವಿನ ಹಿತಕ್ಕೇ. ಹಿತ ಮೂಗಿನ ತನಕ ಬೆಳೆಯಿತು. ಮಗಳು ಶಾಲೆಯಲ್ಲಿ ಬಾಗಿಲಿಗೆ ಡಿಕ್ಕಿ ಹೊಡೆದಳು. ಶನಿವಾರಗಳಲ್ಲಿ ತಲೆ ಹಿಂದಕ್ಕೆ ವಾಲಿಸಿ, ಕೂದಲ ಕೆಳಗಿನ ಸಂದಿಯಿಂದ ಅಪ್ಪನ ಗಲ್ಲವನ್ನಷ್ಟೇ ನೋಡುತ್ತಿದ್ದಳು. "ಮುಂದಿನ ವಾರ ಅಂದ್ರೆ ಎಷ್ಟು ದೂರ?" ಎಂದು ಒಮ್ಮೆ ಕೇಳಿದಳು. ಅವಳು ಆಮೇಲೆ ಕೇಳುವುದನ್ನೇ ಬಿಟ್ಟಳು. ಅಪ್ಪನಿಗೆ ಭಯವಾದದ್ದು ಆಗಲೇ.

ಏಳನೇ ತಿಂಗಳಿಗೆ ಕಾಗದ ಏಳನೇ ಮೇಜು ದಾಟಿತು. ನ್ಯಾಯಾಧೀಶರು ಮಗುವನ್ನು, ಜೊತೆಗೆ ಅಪ್ಪ, ದೊಡ್ಡಮ್ಮ, ವಕೀಲರಿಬ್ಬರನ್ನೂ ತಮ್ಮ ಕೊಠಡಿಗೇ ಕರೆಸಿದರು. ಮಗಳು ಒಳಗೆ ಬಂದು, ಮೂಲೆಯ ಗೂಟಕ್ಕೆ ನೇತುಹಾಕಿದ್ದ ಕಪ್ಪು ಕೋಟಿಗೆ ಕೈಮುಗಿದು, "ನಮಸ್ಕಾರ ಸಾರ್" ಎಂದಳು.

ಯಾರೂ ನಗಲಿಲ್ಲ. ನ್ಯಾಯಾಧೀಶರು ಒಂಬತ್ತು ಪುಟದ ಆಕ್ಷೇಪಣೆಯನ್ನು ಒಮ್ಮೆ, ಮಗುವನ್ನು ಒಮ್ಮೆ ನೋಡಿದರು. "ಈಗಲೇ, ಇಲ್ಲೇ ಕತ್ತರಿಸಿ," ಎಂದರು.

"ಸ್ವಾಮಿ, ಕತ್ತರಿ ಗೇಟಲ್ಲಿದೆ," ಎಂದ ಅಪ್ಪ.

ಗೇಟಿನಿಂದ ತರಿಸಲು ಬೇರೆ ಅರ್ಜಿ ಬೇಕೆಂದು ಗುಮಾಸ್ತ ನೆನಪಿಸಿದ. ಕಡತದ ದಾರ ಕತ್ತರಿಸುವ ಕತ್ತರಿ ಕೊಟ್ಟ. ಅಪ್ಪ ಅದರ ಅಲಗಿಗೆ ಬೆರಳು ತಾಗಿಸಿ ಮುಖ ಕಿವುಚಿದ. "ಇದು ಕತ್ತರಿಸಲ್ಲ, ಕಚ್ಚತ್ತೆ. ನಿಮ್ಮ ಚಹಾ ಕಪ್ಪು ಕೊಡ್ತೀರಾ ಸ್ವಾಮಿ?"

ನ್ಯಾಯಾಧೀಶರು ಉಳಿದ ಚಹಾ ಗುಟುಕರಿಸಿ ಪಿಂಗಾಣಿ ಕಪ್ಪನ್ನು ಕೊಟ್ಟರು. ಅವನು ಅದನ್ನು ಬೋರಲು ಹಾಕಿ, ತಳದ ಒರಟು ಅಂಚಿಗೆ ಅಲಗನ್ನು ಸರ್ರನೆ ಎಳೆದೆಳೆದು ಮಸೆದ. ವಕೀಲರಿಬ್ಬರೂ ಒಂದೇ ಸಲ ಬಾಯಿ ತೆರೆದು, ಒಂದೇ ಸಲ ಮುಚ್ಚಿದರು. ಅವರು ಏಳು ತಿಂಗಳಲ್ಲಿ ಒಮ್ಮತಕ್ಕೆ ಬಂದದ್ದು ಅದೊಂದೇ.

"ನಿಲ್ಲು," ಎಂದಳು ದೊಡ್ಡಮ್ಮ.

ಅಪ್ಪನ ಕೈ ನಿಂತಿತು.

"ಕೂದಲು ಮೈಮೇಲೆಲ್ಲ ಬೀಳತ್ತೆ." ಆಕೆ ಮೇಜಿನ ಮೇಲಿದ್ದ ಆಕ್ಷೇಪಣೆಯನ್ನು ತೆಗೆದು ಮಗುವಿನ ಗಲ್ಲದಡಿ ಮೊರದಂತೆ ಹಿಡಿದಳು. "ಹೂಂ. ಓರೆಯಾದ್ರೆ ಸುಮ್ನಿರಲ್ಲ."

"ನಿಮ್ಮ ತಂಗೀದೂ ನಾನೇ ಕತ್ತರಿಸ್ತಿದ್ದೆ ಅಕ್ಕ."

ಆಕೆ ಕಾಗದವನ್ನು ಇನ್ನಷ್ಟು ಹತ್ತಿರಕ್ಕೆ ತಂದು ಹಿಡಿದಳು.

"ಕಣ್ಣು ಮುಚ್ಕೋ ಪುಟ್ಟಿ." ನೀರು ಚಿಮುಕಿಸಿ, ಎಡದಿಂದ ಬಲಕ್ಕೆ, ಹುಬ್ಬಿಗೆ ಒಂದು ಬೆರಳು ಮೇಲೆ, ಅವನು ಉಸಿರು ಬಿಗಿಹಿಡಿದು ಕತ್ತರಿಸಿದ. ಕೊನೆಯ ಎಳೆ ಒಂಬತ್ತನೇ ಪುಟದ ಸಹಿಯ ಮೇಲೆ ಬಿತ್ತು.