ದೀಪಸ್ತಂಭದ ಅಜ್ಜನಿಗೆ ಉತ್ತರ

ಕುಂಬಳಕಾಯಿ ಕಳ್ಳ ಎಂದರೆ ಗಂಟಲು ಮುಟ್ಟಿ ನೋಡಿಕೊಂಡನಂತೆ. ಹೆಗಲು ಮುಟ್ಟಿಕೊಂಡವನದು ಬರೀ ಗಾದೆ. ಗಂಟಲಿನವನದು ನಡೆದ ಕತೆ. ಆ ಗಂಟಲು ಗಿಣಿಯದು. ಯಾರ ದನಿ ಬೇಕಾದರೂ ತೆಗೆಯುತ್ತಾನೆಂದು ಗೆಳೆಯರು ಇಟ್ಟ ಹೆಸರು ಅದು. ಗೆಳೆಯನ ಕಾಲ ಬಳಿ ಹೂವಿಟ್ಟು, ಯಾರ ಕಣ್ಣಿಗೂ ಬೀಳದಂತೆ ಬಾಗಿಲ ಕಡೆ ಜಾರುತ್ತಿದ್ದವನ ತೋಳನ್ನು ಸತ್ತವನ ಮಗಳು ಹಿಡಿದಳು.

"ಮಾವ, ದೀಪಸ್ತಂಭದ ಅಜ್ಜ ಬರೋ ಹೊತ್ತಾಯ್ತು. ಮೇಲೆ ರೇಡಿಯೋ ಹತ್ರ ಬನ್ನಿ. ಅಪ್ಪ ಹೋದ್ರು ಅಂತ ಅವರಿಗೆ ಹೇಳ್ಬೇಕು."

ಗಿಣಿಯ ಕೈ ತಾನಾಗಿ ಗಂಟಲಿಗೆ ಹೋಯಿತು.

"ಈಗಲಾ? ವ್ಯಾನು ಬಂದು ನಿಂತಿದೆಯಲ್ಲಮ್ಮ."

"ನಿಂತಿರ್ಲಿ. ಅಜ್ಜನಿಗೆ ಉತ್ತರ ಕೊಡೋಕೇ ಅಲ್ವಾ ಅಪ್ಪ ಅಷ್ಟು ಓದಿದ್ದು?"

ಗೋಡೆಗೊರಗಿ ನಿಂತಿದ್ದ ಇಬ್ಬರು ಲಿಫ್ಟ್ ಮೆಕ್ಯಾನಿಕ್‌ಗಳು ದಾರಿ ಬಿಟ್ಟರು. ಸತ್ತವನೂ ಅವರ ಕಸುಬಿನವನೇ.

"ಊರವರನ್ನೆಲ್ಲ ಮೇಲೆ ಕಳಿಸಿದ ಮನುಷ್ಯ," ಎಂದ ಒಬ್ಬ.

"ಬಾಯ್ಮುಚ್ಚೋ. ಸಾವಿನ ಮನೇಲಿ ಆಡೋ ಮಾತಾ ಅದು?"

* * *

ಗಿಣಿಗೂ ಸತ್ತ ಮೆಕ್ಯಾನಿಕ್‌ಗೂ ಹ್ಯಾಮ್ ರೇಡಿಯೋದ ಹುಚ್ಚು, ಮನೆಯಲ್ಲೇ ಸೆಟ್ಟಿಟ್ಟುಕೊಂಡು ಗಾಳಿಯಲ್ಲಿ ಮಾತಾಡುವ ಹವ್ಯಾಸ. ಆದರೆ ಮೆಕ್ಯಾನಿಕ್ ಕೈಯಲ್ಲಿದ್ದದ್ದು ಕೆಳದರ್ಜೆಯ ಲೈಸೆನ್ಸು. ಊರೊಳಗಿನ ಮಾತುಕತೆಗಷ್ಟೇ ಅಪ್ಪಣೆ. ದೂರದೇಶದ ಬ್ಯಾಂಡುಗಳಲ್ಲಿ ಕಿವಿ ಇಡಬಹುದು, ಬಾಯಿ ಬಿಡುವಂತಿಲ್ಲ. ಗಿಣಿಯದು ಮೇಲ್ದರ್ಜೆ. ಒಂದು ಭಾನುವಾರ ಅವನು ಎರಡು ಬೀದಿ ಆಚೆಯ ತನ್ನ ಮನೆಯಲ್ಲಿ ಕೂತು, ದಮ್ಮು ಹತ್ತಿದ ಮುದುಕನ ದನಿ ತೆಗೆದು, ಅದೇ ದೂರದ ಬ್ಯಾಂಡಿನಲ್ಲಿ ಮೆಕ್ಯಾನಿಕ್‌ನನ್ನು ಕರೆದ. ತಾನೊಂದು ದ್ವೀಪದ ದೀಪಸ್ತಂಭ ಕಾಯುವವನು, ಸುತ್ತ ನೀರು, ಮಾತಿಗೊಂದು ಜೀವವಿಲ್ಲ ಎಂದ. ಗೆಳೆಯ ಆಸೆಗೆ ಬಿದ್ದು ಬಾಯಿ ಬಿಟ್ಟಾನು, ಹಿಡಿದು ಗೋಳು ಹೊಯ್ದುಕೊಳ್ಳಬಹುದು ಎಂಬ ಲೆಕ್ಕ.

ಲಿಫ್ಟಿನಲ್ಲಿ ಒಬ್ಬ ಹೆಚ್ಚಾದರೆ ಮದುಮಗನನ್ನೇ ಕೆಳಗಿಳಿಸುವ ಆಸಾಮಿ ಅವನು. ಬಾಯಿ ಬಿಡಲಿಲ್ಲ. ಮಾರನೆಯ ದಿನ ಬಂದು, "ಪಾಪ ಕಣೋ, ಮುದುಕ ಒಬ್ಬನೇ ಇದ್ದಾನೆ. ಮೇಲಿನ ಪರೀಕ್ಷೆ ಪಾಸು ಮಾಡಿ ಉತ್ತರ ಕೊಡ್ತೀನಿ," ಎಂದ.

ಒಂದು ದಿನದ ತಮಾಷೆ ಗಿಣಿಯ ಕೊರಳಿಗೇ ಸುತ್ತಿಕೊಂಡಿತು. ಒಂದು ವಾರ ಅಜ್ಜ ಬಾರದಿದ್ದರೆ ಮೆಕ್ಯಾನಿಕ್ ಮಂಕಾಗುತ್ತಿದ್ದ. "ಮುದುಕನಿಗೆ ಏನಾದ್ರೂ ಆಯ್ತೇನೋ?" ಎಂದು ಗಿಣಿಯನ್ನೇ ಕೇಳುತ್ತಿದ್ದ. ಗಿಣಿ ಮತ್ತೆ ಕೆಮ್ಮುತ್ತಾ ದ್ವೀಪಕ್ಕೆ ಹೋಗಿ ಕೂರುತ್ತಿದ್ದ. ಪರೀಕ್ಷೆಯಲ್ಲಿ ಮತ್ತೆ ಮತ್ತೆ ಡುಮ್ಕಿ ಹೊಡೆದ ಮೆಕ್ಯಾನಿಕ್ ಕೊನೆಗೂ ಮೊನ್ನೆ ಪಾಸಾದ. ಈ ಭಾನುವಾರ ಮಾತಾಡುತ್ತೇನೆ ಎಂದಿದ್ದ. ಶನಿವಾರವೇ ಎದೆ ನಿಂತಿತು.

* * *

ಮಹಡಿಯ ಕೋಣೆಯಲ್ಲಿ ಸೆಟ್ಟು ಗುಂಯ್‌ಗುಡುತ್ತಿತ್ತು. ಗಿಣಿ ಕೂತ. ಮಗಳು ಬೆನ್ನಿಗೆ ನಿಂತಳು. ಸತ್ತವನ ಹೆಂಡತಿ ಒಂದೊಂದೇ ಮೆಟ್ಟಿಲು ಹತ್ತಿ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತಳು. ಹಿಂದೆಯೇ ಜನ.

ಮೈಕಿನ ಗುಂಡಿ ಒತ್ತಿ, ತನ್ನ ಗುರುತು ಹೇಳಿ ಗಿಣಿ ದ್ವೀಪವನ್ನು ಕರೆದ. ಗುಂಡಿ ಬಿಟ್ಟ. ಬರೀ ಸುಯ್ಯೆನ್ನುವ ಸದ್ದು.

"ಇನ್ನೊಂದು ಸಲ, ಮಾವ."

ಕರೆದ. ಅಂಗಿ ಬೆನ್ನಿಗಂಟಿತು. ಗೆಳೆಯನನ್ನು ಇಷ್ಟು ಕಾಲ ಮಂಗ ಮಾಡಿದವನು ಇವನೇ ಎಂದು ಇಲ್ಲಿ, ಈ ತಾಯಿ ಮಗಳ ಮುಂದೆ, ಇವತ್ತೇ ಗೊತ್ತಾದರೆ ಈ ಮನೆಯ ಹೊಸ್ತಿಲು ಇನ್ನು ತುಳಿಯುವುದು ಹೇಗೆ?

"ವ್ಯಾನಿನವನು ಕೇಳ್ತಿದ್ದಾನೆ," ಎಂದರು ಕೆಳಗಿನಿಂದ ಯಾರೋ.

"ಅಜ್ಜ ತಪ್ಪಿಸೋದು ಅಪರೂಪ. ಕಾಯೋಣ," ಎಂದಳು ಮಗಳು.

ಕಾದರು. ಗಿಣಿಗೆ ಉಗುಳು ನುಂಗಿದರೂ ಮೈಕಿಗೆ ಕೇಳಿಸೀತೆಂಬ ಭಯ. ಮತ್ತೆ ಮೈಕನ್ನು ಮುಷ್ಟಿಯಲ್ಲಿ ಬಿಗಿದು ಗುಂಡಿ ಒತ್ತಿದ.

"ಸಾಕು ಬಿಡೋ ಗಿಣಿ," ಎಂದಳು ಸತ್ತವನ ಹೆಂಡತಿ. "ನೀನು ಇಲ್ಲೇ ಕೂತಿದ್ದೀಯ. ಉತ್ತರ ಕೊಡೋಕೆ ದ್ವೀಪದಲ್ಲಿ ಯಾರಿದ್ದಾರೆ?"

ಗಿಣಿ ಕುರ್ಚಿಯಲ್ಲೇ ತಿರುಗಿದ.

"ಅತ್ತಿಗೆ..."

"ಮೊದಲನೇ ದಿನವೇ ಗೊತ್ತಾಯ್ತು ಅವರಿಗೆ. ದೂರದ ದನಿ ಸಣ್ಣಗೆ, ಏಳ್ತಾ ಬೀಳ್ತಾ ಬರಬೇಕಂತೆ. ನಿನ್ನ ಅಜ್ಜ ಬಂದ್ರೆ ಸಿಗ್ನಲ್ ಜೋರು ತೋರ್ಸೋ ಮೀಟರಿನ ಮುಳ್ಳು ಹೋಗಿ ಆ ತುದಿ ಗೋಡೆಗೆ ತಲೆ ಚಚ್ಚಿಕೊಳ್ತಿತ್ತು. 'ದನಿ ಬದಲಾಯಿಸಿದ, ಪವರ್ ಕಮ್ಮಿ ಮಾಡೋದು ಮರೆತ. ಈ ದ್ವೀಪ ಎರಡು ಬೀದಿ ಆಚೆ ಇದೆ ಕಣೇ' ಅಂದ್ರು."

"ಅಮ್ಮಾ, ನಂಗ್ಯಾಕೆ ಹೇಳ್ಲಿಲ್ಲ?" ಎಂದಳು ಮಗಳು.

"ನಿನ್ನ ಹೊಟ್ಟೇಲಿ ಮಾತು ನಿಲ್ಲುತ್ತಾ?"

"ಗೊತ್ತಿದ್ದೂ ಅಷ್ಟು ಓದಿದನಾ?" ಗಿಣಿಯ ದನಿ ಕೀಚಲಾಗಿತ್ತು.

"ಉತ್ತರ ಕೊಡ್ಬೇಕಿತ್ತಲ್ಲ, ಅದೂ ಕಾನೂನು ಪ್ರಕಾರ. ಬಚ್ಚಲಲ್ಲಿ ದಿನಾ ಅದೇ ಅಭ್ಯಾಸ." ಅವಳು ಕಣ್ಣೊರೆಸಿಕೊಂಡು, ಕತ್ತು ನೆಟ್ಟಗೆ ಮಾಡಿ, ಅಜ್ಜನ ಹೆಂಡತಿಯೆಂದು ಗಂಡ ತೆಗೆಯುತ್ತಿದ್ದ ಹೆಣ್ಣುದನಿಯನ್ನು ತಾನು ತೆಗೆದಳು. "'ಏನ್ರೀ, ದೀಪ ಹಚ್ಚಿ ಬರ್ತೀನಿ ಅಂತ ಹೋದೋರು ನಲವತ್ತು ವರ್ಷ ಆಯ್ತು. ಒಲೆ ಮೇಲೆ ಹಾಲಿಟ್ಟಿದ್ದೀನಿ. ಬರ್ತೀರೋ, ಉಕ್ಕಿಸ್ಲೋ?'"

ಮೆಟ್ಟಿಲ ಮೇಲೆ ಯಾರದೋ ಮೂಗಿನಿಂದ ಪುಸಕ್ಕೆಂದಿತು. ಮಗಳು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಅಷ್ಟರಲ್ಲಿ ಗಿಣಿ ನಕ್ಕ. ಯಾರ ದನಿಯೂ ಅಲ್ಲದ ತನ್ನದೇ ದನಿಯಲ್ಲಿ, ಕುರ್ಚಿ ಕಿರುಗುಟ್ಟುವಂತೆ, ಮನೆಯಲ್ಲಿ ನಗುತ್ತಿದ್ದ ಎಲ್ಲರಿಗಿಂತ ಜೋರಾಗಿ ನಕ್ಕ. ಬೀದಿಯಲ್ಲಿ ವ್ಯಾನಿನ ಚಾಲಕ ಕತ್ತೆತ್ತಿ ನೋಡಿದ. ಗಿಣಿಯ ಕಣ್ಣೀರು ಗದ್ದದಿಂದ ಮೈಕಿನ ಜಾಲರಿಗೆ ಇಳಿಯುತ್ತಿತ್ತು. ಬಿಗಿದ ಮುಷ್ಟಿ ಗುಂಡಿಯನ್ನು ಬಿಟ್ಟಿರಲಿಲ್ಲ. ಅವನ ನಗು ತಂತಿ ಹತ್ತಿ, ತಾರಸಿ ದಾಟಿ, ಕಡಲಿನ ಕಡೆಗೆ ಹೋಗುತ್ತಲೇ ಇತ್ತು.